ಸರಾಸರಿ ಹೆಂಗಸಿನ ಲೆಕ್ಕ

ಆಸ್ಪತ್ರೆಯ ನೆಲಮಾಳಿಗೆ
ಡಿಸೆಂಬರ್ ೧೨, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ತಲೆನೋವು ಈಗ ಹೇಗಿದೆ? ಕನ್ನಡಕ ಬದಲಾಯಿಸಿದ ಮೇಲೆ ಸ್ವಲ್ಪ ಕಮ್ಮಿಯಾಗಿದೆ ಎಂದು ಭಾವ ಫೋನಿನಲ್ಲಿ ಹೇಳಿದರು. ನೀನೇ ಹೇಳಿದ್ದರೆ ಇನ್ನೂ ಖುಷಿಯಾಗುತ್ತಿತ್ತು, ಇರಲಿ. ನಾನು ಆರೋಗ್ಯವಾಗಿದ್ದೇನೆ. ನನ್ನ ಕೋಣೆಗೆ ಕಿಟಕಿಯಿಲ್ಲ. ಹೊರಗೆ ಮಳೆಯೋ ಬಿಸಿಲೋ ಎಂಬುದನ್ನು ಬಂದವರ ಚಪ್ಪಲಿ ನೋಡಿ ತಿಳಿದುಕೊಳ್ಳುತ್ತೇನೆ. ಬಾಗಿಲ ಮೇಲೆ ವಿಕಿರಣದ ಹಳದಿ ಗುರುತು ಇರುವುದರಿಂದ ಕ್ಯಾಂಟೀನಿನವರು ಟೀ ಲೋಟವನ್ನು ಹೊಸ್ತಿಲಾಚೆಯೇ ಇಟ್ಟು ಕಾಲಿಗೆ ಬುದ್ಧಿ ಹೇಳುತ್ತಾರೆ. ಒಳಗೆ ಒಂದು ಕಂಪ್ಯೂಟರ್, ಎರಡು ಕುರ್ಚಿ ಬಿಟ್ಟು ಬೇರೇನೂ ಇಲ್ಲವೆಂದು ಎಷ್ಟು ಹೇಳಿದರೂ ನಂಬುವುದಿಲ್ಲ. ಕೆಲವು ದಿನ ಸಂಜೆ ಬಸ್ಸಿನಲ್ಲಿ ಟಿಕೆಟ್ ಕೇಳುವಾಗಲೇ ನನ್ನ ದನಿ ನನಗೆ ಮೊದಲ ಸಲ ಕೇಳಿಸುವುದು.

ನನ್ನ ಕೆಲಸವೇನೆಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಲವು ಸ್ಕ್ಯಾನುಗಳಿಗೆ ಮೊದಲು ಚೂರು ವಿಕಿರಣವಿರುವ ಔಷಧಿಯನ್ನು ಕೈಗೆ ಚುಚ್ಚುತ್ತಾರೆ. ಅದು ಮೈಯಲ್ಲಿ ಎಲ್ಲೆಲ್ಲಿ ಹೋಗಿ ಎಷ್ಟು ಹೊತ್ತು ಕೂರುತ್ತದೆ, ಯಾವ ಅಂಗಕ್ಕೆ ಎಷ್ಟು ವಿಕಿರಣ ತಗಲುತ್ತದೆ ಎಂದು ಅಂದಾಜು ಮಾಡುವುದು ನನ್ನ ಪಾಲಿನದು. ಬದುಕಿರುವವರ ಹೊಟ್ಟೆಯೊಳಗೆ ಮಾಪಕ ಇಟ್ಟು ಅಳೆಯುವ ಹಾಗಿಲ್ಲವಲ್ಲ, ಅದಕ್ಕೇ ತಂತ್ರಾಂಶ. ಅದರೊಳಗೆ ಒಬ್ಬ ಸರಾಸರಿ ಗಂಡಸು, ಒಬ್ಬಳು ಸರಾಸರಿ ಹೆಂಗಸು ಇದ್ದಾರೆ. ಔಷಧಿಯ ಹೆಸರು, ಪ್ರಮಾಣ ಕೊಟ್ಟರೆ ಒಂದೊಂದು ಅಂಗದ ಮುಂದೆಯೂ ಒಂದು ಅಂಕಿ ಬರುತ್ತದೆ. ಅದನ್ನು ಕಡತಕ್ಕೆ ಸೇರಿಸುತ್ತೇನೆ. ಸಾಮಾನ್ಯವಾಗಿ ಯಾರೂ ಓದುವುದಿಲ್ಲ.

ಏಪ್ರಿಲಿನಲ್ಲಿ ಒಬ್ಬ ಟೀಚರ್ ಸೊಂಟನೋವಿಗೆಂದು ಮೂಳೆಯ ಸ್ಕ್ಯಾನ್ ಮಾಡಿಸಿಕೊಂಡು ಹೋಗಿದ್ದಳು. ಗರ್ಭಿಣಿಯೇ ಎಂದು ಕೇಳಿದ್ದಕ್ಕೆ ಇಲ್ಲವೆಂದು ಸಹಿ ಹಾಕಿದ್ದಳು. ಪಾಪ, ಅವಳಿಗೇ ಗೊತ್ತಿರಲಿಲ್ಲ. ಎರಡು ವಾರದ ಮೇಲೆ ತಿಳಿಯಿತು, ಸ್ಕ್ಯಾನಿನ ದಿನವೇ ಐದು ವಾರ ತುಂಬಿತ್ತು. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಮೊದಲ ಗರ್ಭ. ಊನವಾಗಿ ಹುಟ್ಟುವುದಕ್ಕಿಂತ ಈಗಲೇ ತೆಗೆಸುವುದು ಮೇಲು ಎಂದು ಅತ್ತೆ ಪಟ್ಟು ಹಿಡಿದಿದ್ದರಂತೆ. ಹೆರಿಗೆ ಡಾಕ್ಟರಮ್ಮ ಒಂದು ಚೀಟಿ ಬರೆದು ಗಂಡ ಹೆಂಡತಿಯನ್ನು ನನ್ನ ಬಳಿ ಕಳಿಸಿದರು.

ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಅಷ್ಟು ಸಣ್ಣ ಭ್ರೂಣಕ್ಕೆ ತಗಲುವುದನ್ನು ಗರ್ಭಕೋಶಕ್ಕೆ ತಗಲುವುದರಿಂದಲೇ ಅಂದಾಜಿಸಬೇಕು. ಔಷಧಿ ಮೂತ್ರದಲ್ಲಿ ಹೊರಗೆ ಹೋಗುವಂಥದ್ದು. ಮೂತ್ರಕೋಶ ತುಂಬಿಕೊಂಡಿದ್ದಷ್ಟು ಹೊತ್ತೂ ಪಕ್ಕದ ಗರ್ಭಕೋಶಕ್ಕೆ ವಿಕಿರಣ ಬೀಳುತ್ತಿರುತ್ತದೆ. ಟೀಚರ್ ನಲವತ್ತೆರಡೇ ಕಿಲೋ. ಸರಾಸರಿ ಹೆಂಗಸಿನ ತೂಕವನ್ನು ಅಷ್ಟಕ್ಕೆ ಇಳಿಸಿ ಲೆಕ್ಕ ಹಾಕಿದೆ. ಒಂದು ತೊಟ್ಟು ನೀರೂ ಕುಡಿಯದೆ ಗಂಟೆಗಟ್ಟಲೆ ತಡೆದುಕೊಂಡಿದ್ದಳು ಎಂದಿಟ್ಟುಕೊಂಡು ಹಾಕಿದೆ. ಕಂಪ್ಯೂಟರನ್ನು ನಂಬದೆ ಕಾಗದದ ಮೇಲೂ ಹಾಕಿದೆ. ಎಷ್ಟು ಕೆಟ್ಟದ್ದನ್ನೇ ಊಹಿಸಿದರೂ ವಿಕಿರಣದ ಅಳತೆಯಲ್ಲಿ ಆರು ಮಿಲಿಗ್ರೇ ದಾಟಲಿಲ್ಲ. ನೂರರೊಳಗೆ ಇರುವಾಗ ವಿಕಿರಣದ ಕಾರಣಕ್ಕೆ ಗರ್ಭ ತೆಗೆಸುವ ಮಾತೇ ಇಲ್ಲವೆಂದು ನಾವು ಓದಿದ ಪುಸ್ತಕಗಳೆಲ್ಲ ಹೇಳುತ್ತವೆ.

ಅವರು ಬಂದಾಗ ಗಂಡ ಹಳದಿ ಗುರುತು ನೋಡಿ ಹೊಸ್ತಿಲ ಮೇಲೇ ನಿಂತ. ಅವಳು ಒಳಗೆ ಬಂದು ಕೂತಳು. ನಾನು ತಂತ್ರಾಂಶದ ಸರಾಸರಿ ಹೆಂಗಸನ್ನೂ ಅಂಕಿಗಳನ್ನೂ ತೋರಿಸಿ ಮುಗಿಸಿದ ಮೇಲೆ ಒಂದೇ ಮಾತು ಕೇಳಿದಳು: “ಇದು ನನ್ನ ಲೆಕ್ಕಾನಾ ಮೇಡಂ, ಇಲ್ಲಾ ಕಂಪ್ಯೂಟರ್ ಒಳಗಿರೋ ಆ ಹೆಂಗಸಿಂದಾ?”

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ಅವಳದೇ. ಆದ್ರೆ ಅವಳನ್ನ ನಿಮಗಿಂತ ಕಷ್ಟದಲ್ಲಿ ಇಟ್ಟು ನೋಡಿದ್ದೀನಿ. ಈ ಸ್ಕ್ಯಾನ್ ಕಾರಣಕ್ಕೆ ಮಗು ತೆಗೆಸಬೇಕಾಗಿಲ್ಲ” ಎಂದೆ. ಮಗು ಚೆನ್ನಾಗಿಯೇ ಹುಟ್ಟುತ್ತದಾ ಎಂದು ಗಂಡ ಬಾಗಿಲಿಂದ ಕೇಳಿದ. ಆ ಭರವಸೆ ಯಾವ ತಾಯಿಗೂ ಯಾರೂ ಕೊಡಲಾರರು, ನಾನು ಸ್ಕ್ಯಾನಿನ ಮಟ್ಟಿಗೆ ಮಾತ್ರ ಹೇಳಬಲ್ಲೆ ಎಂದೆ. ಅಷ್ಟನ್ನೇ ಬರೆದು ಸಹಿ ಹಾಕಿದೆ. ಅವಳು ಆ ಹಾಳೆಯನ್ನು ಮಡಚಿ, ಪರ್ಸಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಹೋದಳು. ಏನು ತೀರ್ಮಾನಿಸಿದರೋ ತಿಳಿಯಲಿಲ್ಲ. ಡಾಕ್ಟರಮ್ಮನನ್ನು ಕೇಳಲು ಧೈರ್ಯ ಸಾಲಲಿಲ್ಲ. ಅಂದಿನಿಂದ ಬಾಗಿಲು ಸದ್ದಾದಾಗಲೆಲ್ಲ ಅವರೇ ಬಂದರೇನೋ ಎಂದು ತಿರುಗಿ ನೋಡುತ್ತಿದ್ದೆ.

ಹೋದ ವಾರ ಗಂಡ ಬಂದ. ಈ ಸಲ ಹೊಸ್ತಿಲು ದಾಟಿ ಒಳಗೇ ಬಂದ. ಹೆಣ್ಣು ಮಗು, ಎರಡು ಕಿಲೋ ಒಂಬೈನೂರು, ನಾನೇ ಬಂದು ನೋಡಬೇಕಂತೆ ಎಂದ. ನಾಲ್ಕನೇ ಮಹಡಿಗೆ ಹೋದೆ. ಆ ಅತ್ತೆಯೇ ಮಗುವನ್ನು ನನ್ನ ಕೈಗಿಟ್ಟರು. ಬೆಚ್ಚಗಿತ್ತು ಅಕ್ಕಾ. ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಆಕಳಿಸಿತು. ತಿರುಗಿ ಕೆಳಗೆ ಬಂದು ಕೂತೆ. ಇದನ್ನು ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರೆಯೇ ಎಂದು ಫೋನಿನಲ್ಲಿ ಹೆಸರುಗಳನ್ನು ಹುಡುಕುತ್ತಾ ಹೋದೆ. ನಿನ್ನ ಹೆಸರಿನಿಂದ ಮುಂದೆ ಹೋಗಲಾಗಲಿಲ್ಲ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಬಿಸಿಲಿಗೆ ಹೋಗುವಾಗ ತಲೆಗೆ ಏನಾದರೂ ಹಾಕಿಕೋ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಇಷ್ಟುದ್ದ ಬರೆದೂ ಬರೆಯಬೇಕಾದ್ದನ್ನು ಬಿಟ್ಟಿದ್ದೆ. ಹನ್ನೊಂದು ವರ್ಷದ ಹಿಂದೆ, ಥೈರಾಯ್ಡ್ ಸ್ಕ್ಯಾನ್ ಆದ ಮೂರು ವಾರಕ್ಕೆ ನಿನಗೆ ಗರ್ಭಪಾತವಾದಾಗ, “ಅದರಿಂದ್ಲೇ ಹೋಯ್ತೇನೇ?” ಎಂದು ನನ್ನನ್ನು ಕೇಳಿದೆ. ನಾನು ಈ ವಿಕಿರಣದ ವಿಷಯ ಓದಲು ಸೇರಿ ಆಗಿನ್ನೂ ಎರಡು ತಿಂಗಳು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ “ಇರಬಹುದು” ಅಂದುಬಿಟ್ಟೆ. ಆಮೇಲೆ ನೀನು ಇನ್ನೊಂದು ಮಗು ಬೇಡವೆಂದೆ, ನನ್ನ ಜೊತೆ ಮಾತೂ ಬಿಟ್ಟೆ. ಮೊನ್ನೆ, ನನ್ನ ಬಳಿಯೇ ಉಳಿದಿದ್ದ ನಿನ್ನ ಸ್ಕ್ಯಾನಿನ ಹಳೆಯ ಚೀಟಿ ತೆಗೆದು ಲೆಕ್ಕ ಹಾಕಿದೆ. ಎರಡು ಮಿಲಿಗ್ರೇ, ಅಷ್ಟೇ. ಮಗು ಹೋದದ್ದು ಆ ಸ್ಕ್ಯಾನಿನಿಂದ ಅಲ್ಲ ಅಕ್ಕಾ, ನೀನು ಮಾಡಿಸಿಕೊಂಡದ್ದರಿಂದ ಅಲ್ಲ. ಇದು ಹತ್ತು ನಿಮಿಷದ ಲೆಕ್ಕ. ಯಾವತ್ತೋ ಹಾಕಬಹುದಿತ್ತು. ಕಮ್ಮಿ ಬಂದರೆ ನಿನ್ನ ಮುಖ ಹೇಗೆ ನೋಡಲಿ ಎಂದು ಹೆದರಿ ಇಷ್ಟು ವರ್ಷ ಹಾಕಲಿಲ್ಲ.