ಮುಖ ಯಾರದೋ, ಕತ್ತರಿಯೂ ಅವರದೇ

ಮಾನ್ಯರೇ,

ನನ್ನ ಚಿಕ್ಕಮ್ಮ ಅತ್ತದ್ದನ್ನು ನೀವು ಕದ್ದು ಊರಿಗೆಲ್ಲ ತೋರಿಸುತ್ತಿದ್ದೀರಿ. ಇದನ್ನು ಇನ್ನಷ್ಟು ಮರ್ಯಾದಸ್ತ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಸಂಸ್ಕೃತಿ ಇಲಾಖೆಯ ಅಧಿಕಾರಿಯ ಕುರ್ಚಿಯಲ್ಲಿ ಕೂತವರ ಕಿವಿಗೆ ಕಳವು ಎಂಬ ಪದ ಒರಟಾಗಿ ಕೇಳಿಸಬಹುದು. ನೀವು ಇದನ್ನು ‘ಸಮುದಾಯ ಚಿತ್ರಗಳ ಸದ್ಬಳಕೆ’ ಎನ್ನುತ್ತೀರಿ. ಇರಲಿ, ಜೇಬಿಗೆ ಕೈ ಹಾಕುವವನೂ ತನ್ನ ಕಸುಬಿಗೆ ಒಂದು ಒಳ್ಳೆಯ ಹೆಸರು ಇಟ್ಟುಕೊಂಡಿರುತ್ತಾನೆ.

ಈ ಪತ್ರ ಓದುವ ಉಳಿದವರಿಗಾಗಿ ನಡೆದದ್ದನ್ನು ಹೇಳುತ್ತೇನೆ. ನಮ್ಮದು ಐದು ಮಹಡಿಯ ಹಳೆಯ ಕಟ್ಟಡ. ಲಿಫ್ಟ್ ಕೆಟ್ಟು ಎಷ್ಟು ಕಾಲವಾಯಿತೆಂದರೆ ಅದರ ಗೂಡಿನಲ್ಲಿ ಈಗ ಸೈಕಲ್ಲುಗಳು ಸಂಸಾರ ಹೂಡಿವೆ. ಅಲ್ಲಿನ ಬಾಡಿಗೆದಾರರೆಲ್ಲ ಸೇರಿ ನಾವು ಹನ್ನೊಂದು ನಿಮಿಷದ ಒಂದು ಸಿನಿಮಾ ಮಾಡಿದೆವು. ಹೊಸ ಗಂಡ ಹೆಂಡತಿ ಐದನೇ ಮಹಡಿಗೆ ಕಬ್ಬಿಣದ ಬೀರು ಏರಿಸಲು ಹೊರಡುತ್ತಾರೆ. ನೆರೆಹೊರೆಯವರೆಲ್ಲ ಕೈಜೋಡಿಸುತ್ತಾರೆ. ಮೂರನೇ ಮಹಡಿಯ ತಿರುವಿನಲ್ಲಿ ಬೀರು ಸಿಕ್ಕಿಕೊಳ್ಳುತ್ತದೆ. ಮೇಲೂ ಹೋಗದು, ಕೆಳಗೂ ಬಾರದು. ಕೊನೆಗೆ ಮೂರನೇ ಮಹಡಿಯವರೇ ಅದರಲ್ಲಿ ತಮ್ಮ ಬಟ್ಟೆ ಇಡತೊಡಗುತ್ತಾರೆ. ಬೀರುವಿನ ಒಡೆಯರು ದಿನಾ ಬೆಳಿಗ್ಗೆ ಎರಡು ಮಹಡಿ ಇಳಿದು ಬಂದು, ತಮ್ಮದೇ ಶರಟಿಗಾಗಿ ದಮ್ಮಯ್ಯ ಗುಡ್ಡೆ ಹಾಕುತ್ತಾರೆ. ಇದು ನಗೆಯ ಸಿನಿಮಾ, ಮಾನ್ಯರೇ. ನೋಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಮ್ಮಲ್ಲಿ ನಿರ್ದೇಶಕ ಎಂಬ ಪ್ರಾಣಿ ಇಲ್ಲ. ಇರುವುದು ಒಂದೇ ಕಟ್ಟಳೆ: ಮುಖ ಯಾರದೋ, ಕತ್ತರಿಯೂ ಅವರದೇ. ಸಿನಿಮಾ ಪೂರ್ತಿಯಾಗುವ ಮೊದಲು ಮೆಟ್ಟಿಲ ಬಳಿ ಬೆಡ್‌ಶೀಟ್ ಕಟ್ಟಿ ಎಲ್ಲರಿಗೂ ತೋರಿಸುತ್ತೇವೆ. ಅದರಲ್ಲಿ ಕಾಣುವ ಯಾರೇ ಆಗಲಿ ‘ಇದು ಬೇಡ’ ಎಂದರೆ ಆ ತುಣುಕು ಹೋಯಿತು. ಕಾರಣ ಕೇಳುವ ಹಾಗಿಲ್ಲ. ಎರಡನೇ ಮಹಡಿಯ ವೈರ್‌ಮನ್ ಮಾವ ಒಂದು ಸೊಗಸಾದ ದೃಶ್ಯವನ್ನು ಹೀಗೇ ಕೊಂದರು. “ಹಿಂದಿನಿಂದ ನೋಡಿದ್ರೆ ನನ್ನ ತಲೆ ಬಲ್ಬ್ ಥರ ಕಾಣುತ್ತೆ. ವೈರ್‌ಮನ್‌ಗೆ ಅದೊಂದು ಬಾಕಿ ಇತ್ತು. ತೆಗೀರಿ ಅದನ್ನ” ಎಂದರು. ತೆಗೆದೆವು.

ಚಿಕ್ಕಮ್ಮ ಆಸ್ಪತ್ರೆಯಲ್ಲಿ ಆಯಾ. ರೋಗಿಗಳನ್ನು ಎತ್ತಿ ಕೂರಿಸುವುದು, ಹೊರಳಿಸುವುದು ಅವರ ಕೆಲಸ. ಬೀರು ಎತ್ತುವ ದೃಶ್ಯದ ನಡುವೆ ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. ಕ್ಯಾಮೆರಾ ಹಿಡಿದಿದ್ದವನು ನಾನು, ನಿಲ್ಲಿಸಲು ತೋಚಲಿಲ್ಲ. “ನನ್ನ ಸೊಂಟ ಹೋಗಿದೆ ಕಣೋ. ಯಾರ ಹತ್ರನೂ ಬಾಯಿ ಬಿಡಬೇಡ. ನಮ್ಮ ಆಸ್ಪತ್ರೆ ಬಟ್ಟೆ ರೂಮಿನ ಅಕ್ಕ ರಿಟೈರ್ ಆಗೋ ತನಕ ಹಲ್ಲು ಕಚ್ಕೊಂಡು ಇದ್ಬಿಡ್ತೀನಿ. ಆ ಜಾಗ ಸಿಕ್ಕಿದ್ರೆ ಕೂತ್ಕೊಂಡು ಮಡಚೋ ಕೆಲಸ” ಎಂದು ಅತ್ತರು. ಬೆಡ್‌ಶೀಟಿನ ದಿನ ಆ ತುಣುಕು ಬಂದಾಗ ‘ಇದು ಬೇಡ’ ಎಂದರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಏಕೆಂದರೆ ನಮಗೆ ಕ್ಯಾಮೆರಾ ಕೊಟ್ಟ ಉಪಕಾರಕ್ಕೆ ನಿಮ್ಮ ಇಲಾಖೆ ಒಂದು ಷರತ್ತು ಹಾಕಿತ್ತು: ಚಿತ್ರೀಕರಿಸಿದ್ದೆಲ್ಲವನ್ನೂ, ಕೈಬಿಟ್ಟ ತುಣುಕುಗಳ ಸಮೇತ, ದಾಖಲೆಗೆ ಒಪ್ಪಿಸಬೇಕು. ದಾಖಲೆ ಎಂದರೆ ಬೀಗ ಹಾಕಿದ ಕಪಾಟು ಎಂದು ನಾವು ನಂಬಿದ್ದೆವು. ನೀವು ಅದರೊಳಗೆ ಕೈಯಾಡಿಸಿ, ಹನ್ನೊಂದು ನಿಮಿಷದ ನಗುವನ್ನು ಬದಿಗೆ ತಳ್ಳಿ, ಬೇಡವೆಂದು ಬಿಟ್ಟಿದ್ದ ಅದೊಂದನ್ನೇ ಹೆಕ್ಕಿಕೊಂಡಿರಿ. ಹಿಂದೆ ಪಿಟೀಲು ಕೊಯ್ಯಿಸಿದಿರಿ. ‘ಶ್ರಮಜೀವಿಯ ಮೌನ ವೇದನೆ’ ಎಂದು ಅಕ್ಷರ ಮೂಡಿಸಿದಿರಿ. ಮೌನ ಎಲ್ಲಿಂದ ಬಂತು ಸ್ವಾಮಿ? ಆಕೆ ಮಾತಾಡುತ್ತಿದ್ದಾರೆ! ಯಾರಿಗೂ ಹೇಳಬೇಡ ಎಂದು ಬೇಡಿಕೊಳ್ಳುತ್ತಿದ್ದಾರೆ! ಆ ಮಾತು ಮುಗಿದ ಕೂಡಲೇ ತೆರೆಯ ತುಂಬ ನಿಮ್ಮ ಇಲಾಖೆಯ ಲಾಂಛನ.

ನಾವು ನಕ್ಕರೆ ನಿಮಗೇಕೆ ಹಿಡಿಸುವುದಿಲ್ಲ? ಕೆಟ್ಟ ಲಿಫ್ಟಿನ ಬಗ್ಗೆ ನಕ್ಕರೆ ನೋಡುವವರು ‘ಇದನ್ನು ರಿಪೇರಿ ಮಾಡಿಸಬೇಕಾದವರು ಯಾರು?’ ಎಂದು ಕೇಳಿಯಾರು. ಅತ್ತರೆ ಹಾಗಲ್ಲ, ಲೊಚಗುಟ್ಟಿ, ಮೂಗು ಒರೆಸಿಕೊಂಡು, ತಾವು ಒಳ್ಳೆಯವರು ಎಂಬ ಸಮಾಧಾನದಲ್ಲಿ ಎದ್ದು ಹೋಗುತ್ತಾರೆ. ದುಡಿಮೆಯನ್ನು ಕದಿಯುವವರ ಬಗ್ಗೆ ನಾನು ಕರಪತ್ರಗಳಲ್ಲಿ ಬೇಕಾದಷ್ಟು ಓದಿದ್ದೇನೆ. ದುಡಿದು ಬಂದ ನೋವನ್ನೂ ಬಿಡದೆ ಕದಿಯುವವರಿದ್ದಾರೆ ಎಂದು ಯಾರೂ ಅಚ್ಚು ಹಾಕಿಸಿರಲಿಲ್ಲ.

ನಿಮ್ಮ ಈ ಕಲಾಕೃತಿ ಎಲ್ಲಾ ಸಾರ್ವಜನಿಕ ಕಚೇರಿಗಳ ಟೀವಿಯಲ್ಲಿ ಸುತ್ತುತ್ತಿದೆ. ಚಿಕ್ಕಮ್ಮನ ಆಸ್ಪತ್ರೆಯಲ್ಲಿ ರೋಗಿಗಳು ಚೀಟಿ ಹಿಡಿದು ಕೂರುವ ಕೋಣೆಯಲ್ಲೂ ಸುತ್ತಿತು. ವಾರ್ಡಿನ ಸೂಪರ್‌ವೈಸರ್ ಕರೆಸಿದ. “ಏನಮ್ಮಾ, ಸ್ಟಾರ್ ಆಗ್ಬಿಟ್ಟೆ! ಸೊಂಟ ಹೋಗಿದೆ ಅಂತ ಊರಿಗೆಲ್ಲಾ ಹೇಳಿದೀಯಾ, ನನಗೊಬ್ಬನಿಗೆ ಹೇಳಬೇಕು ಅನ್ನಿಸಲಿಲ್ವಾ?” ಮುಂದಿನ ತಿಂಗಳಿಂದ ಬರುವುದು ಬೇಡವಂತೆ. ಬಟ್ಟೆ ರೂಮಿನ ಜಾಗವನ್ನು ಕೇಳುವ ಬಾಯಿಯೇ ಕಟ್ಟಿಹೋಯಿತು.

ಮರುದಿನ ಚಿಕ್ಕಮ್ಮ, ವೈರ್‌ಮನ್ ಮಾವ, ನಾನು ನಿಮ್ಮ ಕಚೇರಿಗೆ ಬಂದೆವು. ಭೇಟಿಯನ್ನು ಫೋನಿನಲ್ಲಿ ಚಿತ್ರೀಕರಿಸಬಹುದೇ ಎಂದು ಕೇಳಿದೆ. ನೀವು ಕೂದಲು ನೇವರಿಸಿಕೊಂಡು, “ತಗೊಳ್ಳಿ, ತಗೊಳ್ಳಿ, ನಮ್ಮಲ್ಲಿ ಮುಚ್ಚುಮರೆ ಇಲ್ಲ” ಎಂದಿರಿ. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, “ಇದನ್ನ ನೋಡಿ ಎಷ್ಟು ಜನ ಅತ್ತಿದ್ದಾರೆ ಗೊತ್ತಾ ಅಮ್ಮಾ? ನಿಮಗೆ ಹೆಮ್ಮೆ ಆಗಬೇಕು” ಎಂದಿರಿ.

“ಅತ್ತೋರು ಅತ್ತು ಮನೆಗೆ ಹೋದ್ರು ಸಾರ್. ಹೋಗಿದ್ದು ನನ್ನ ಕೆಲಸ.”

“ಹಾಗಲ್ಲಮ್ಮಾ, ನಿಯಮದ ಪ್ರಕಾರ ಆ ತುಣುಕು ಇಲಾಖೆಯ ಆಸ್ತಿ.”

ಮಾವನಿಗೆ ತಡೆಯಲಾಗಲಿಲ್ಲ. “ಆ ಸೊಂಟ ಯಾರ ಆಸ್ತಿ ಸಾರ್? ಅದನ್ನೂ ಇಲಾಖೆನೇ ಇಟ್ಕೊಳ್ಳಲಿ, ರಿಪೇರಿ ಮಾಡಿಸಿ ವಾಪಸ್ ಕೊಡಿ.”

ನೀವು ನಕ್ಕಿರಿ. ಚಿಕ್ಕಮ್ಮನಿಗೊಂದು ಸನ್ಮಾನ ಮಾಡಿಸೋಣ ಎಂದಿರಿ. ಕೆಲಸ ಕಳೆದವರಿಗೆ ಸನ್ಮಾನ! ಕೈ ಮುರಿದು ಬಳೆ ತೊಡಿಸುವ ಈ ವಿದ್ಯೆಯನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೆ?

ನಿಮ್ಮ ಆ ನಗು ನನ್ನ ಫೋನಿನಲ್ಲಿದೆ. ಅದನ್ನು ಅಂದೇ ಊರಿಗೆಲ್ಲ ಹಂಚಬೇಕೆಂದು ಕುದಿಯುತ್ತಿದ್ದೆ. ತಡೆದವರು ಚಿಕ್ಕಮ್ಮ. “ಅವರಿಗೆ ತೋರಿಸದೆ ಹಾಕಿದ್ರೆ ನಿನಗೂ ಅವರಿಗೂ ಏನೋ ವ್ಯತ್ಯಾಸ? ಕರಿ ಅವರನ್ನ. ಬೇಡ ಅಂದ್ರೆ ತೆಗಿ.” ನನಗಿದು ಒಂದು ಚೂರೂ ಇಷ್ಟವಿಲ್ಲ. ಆದರೆ ಕಟ್ಟಳೆ ಕಟ್ಟಳೆಯೇ.

ಆದ್ದರಿಂದ ಕೇಳುತ್ತಿದ್ದೇನೆ. ಆ ತುಣುಕನ್ನು ಎಲ್ಲಾ ಟೀವಿಗಳಿಂದ ಇಂದೇ ಇಳಿಸಿ. ಆಕೆ ಬೇಡವೆಂದದ್ದನ್ನು ತೋರಿಸಿದ ತಪ್ಪು ನಿಮ್ಮದೆಂದು ಆಸ್ಪತ್ರೆಯ ಮುಖ್ಯಸ್ಥರಿಗೆ ನೀವೇ ಖುದ್ದಾಗಿ ಹೋಗಿ ಹೇಳಿ, ಆ ಬಟ್ಟೆ ರೂಮಿನ ಕೆಲಸ ಆಕೆಗೇ ಕೊಡಿಸಿ. ಅದು ಆಗಿದೆಯೋ ಇಲ್ಲವೋ ಎಂಬುದನ್ನು ಮೆಟ್ಟಿಲ ಮೇಲೆ ಎಲ್ಲರೆದುರು ಆಕೆಗೆ ಹೇಳಿ. ಬಳಿಕ ನಿಮ್ಮ ಮುಖ ಬೆಡ್‌ಶೀಟಿನ ಮೇಲೆ ಬರುತ್ತದೆ. ‘ಇದು ಬೇಡ’ ಎನ್ನುವ ಹಕ್ಕು ನಿಮಗಿದೆ. ನೀವು ಬೇಡವೆಂದರೆ ಅಳಿಸುತ್ತೇವೆ, ಕಾರಣ ಕೇಳುವುದಿಲ್ಲ. ಬಾರದವರು ಒಪ್ಪಿದ ಹಾಗೆ ಎಂಬುದೂ ನಮ್ಮ ರೂಢಿ.

ಬರುವ ಭಾನುವಾರ, ಸಂಜೆ ಆರು ಗಂಟೆ, ಮೂರನೇ ಮಹಡಿಯ ತಿರುವು. ನಡೆದೇ ಹತ್ತಬೇಕು.

ಇಂತಿ,
ನಿಮ್ಮ ಕಡತದಲ್ಲಿ ‘ತಳಮಟ್ಟದ ಸಮುದಾಯ’ ಎನ್ನಿಸಿಕೊಂಡು
ಐದನೇ ಮಹಡಿಯಲ್ಲಿ ಬಾಡಿಗೆಗಿರುವವನು