ಕಡಲ ಹಗೇವನ್ನು ಬರಿದು ಮಾಡಿದವರಿಗೆ

ಬಂದರು ಕಾಮಗಾರಿಯ ಇಂಜಿನಿಯರರಾದ ಮಾನ್ಯರೇ,

ಹೊಳೆ ಕಡಲನ್ನು ಸೇರುವ ಆ ಅಳಿವೆಯ ಬಳಿ ತಾವು ಎರಡನೆಯ ಕಲ್ಲುಗೋಡೆ ಕಟ್ಟಿಸಲಿದ್ದೀರಿ ಎಂದು ಓದಿದೆ. ಚಳ್ಳಕೆರೆ ಸಂತೆಯಲ್ಲಿ ನೂಲು ಸುತ್ತಿಕೊಟ್ಟ ಪತ್ರಿಕೆಯಲ್ಲಿ ಆ ಸುದ್ದಿಯಿತ್ತು. ಮೊದಲ ಗೋಡೆಯ ಮಗ್ಗುಲಲ್ಲಿ ಒಂದು ಕೇರಿಯೇ ಕೊಚ್ಚಿಹೋದದ್ದು "ಸಮುದ್ರದ ಅನಿರೀಕ್ಷಿತ ಪ್ರಕೋಪ"ದಿಂದ ಎಂಬ ತಮ್ಮ ವರದಿಯ ಮಾತನ್ನೂ ಅಚ್ಚುಹಾಕಿದ್ದರು. ಯಾರಿಗೆ ಅನಿರೀಕ್ಷಿತ ಸ್ವಾಮಿ? ತಮಗಂತೂ ಅಲ್ಲ. ಅದು ಹೇಗೆ ಆಗುತ್ತದೆಂಬುದನ್ನು ನನಗೆ ಕಲಿಸಿದವರೇ ತಾವು.

ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು. ಕರಾವಳಿಯ ನೇಯ್ಗೆ ಕಾರ್ಖಾನೆಯೊಂದರಲ್ಲಿ ನಮ್ಮ ಯಜಮಾನರಿಗೆ ಕೆಲಸ ಸಿಕ್ಕಿತೆಂದು ಅಲ್ಲಿಗೆ ಹೋದೆವು. ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಮಲಗಿದ್ದ ಮರಳದಿಬ್ಬದ ಮೇಲೆ, ಮೀನುಗಾರರ ಸಾಲಿನಲ್ಲಿ ನಮ್ಮ ಗುಡಿಸಲು. ಅಲ್ಲಿನ ಶಾಲೆಯ ಉಪಾಧ್ಯಾಯಿನಿಯೊಬ್ಬರು ಬಿಡುವಿನಲ್ಲಿ ಹೇಳಿಕೊಟ್ಟ ಅಕ್ಷರದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಅಳತೆಗೆಂದು ಬಂದ ತಾವು ನಮ್ಮ ಅಂಗಳದಲ್ಲಿ ನೀರು ಕುಡಿದಿರಿ. ಕಡಲಿನಿಂದ ಕೂಗಳತೆಯಲ್ಲಿ ಬಾವಿಯ ನೀರು ಸಿಹಿಯಾಗಿರುವುದು ಹೇಗೆಂದು ನಾನು ಕೇಳಿದೆ. ತಾವು ಬೇಸರಪಡದೆ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದಿರಿ. ಮಳೆಯ ನೀರನ್ನು ದಿಬ್ಬ ತನ್ನೊಳಗೆ ಹಿಡಿದಿಟ್ಟು ಉಪ್ಪುನೀರನ್ನು ಆಚೆಗೆ ಒತ್ತಿ ನಿಲ್ಲಿಸುತ್ತದೆ. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಎಳೆದೊಯ್ದು ತುಸು ದೂರದಲ್ಲಿ ನೀರಿನಡಿ ಗುಡ್ಡೆಹಾಕುತ್ತವೆ. ಮುಂದಿನ ಅಲೆಗಳು ಅಲ್ಲೇ ಮುರಿದುಬೀಳುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮರಳಿ ದಂಡೆಗೆ ತರುತ್ತವೆ. ಆಡಿನ ಗೊರಸಿನಂಥ ಎಲೆಯ ಬಳ್ಳಿಯೂ ಕೇದಗೆಯೂ ಅದನ್ನು ಗಾಳಿಗೆ ಹಾರದಂತೆ ಹಿಡಿಯುತ್ತವೆ. ಇಷ್ಟು ಕೇಳಿ ನಮ್ಮ ಯಜಮಾನರು ಅಂದರು: "ಹಂಗಾದ್ರೆ ಇದು ಕಡಲಿನ ಹಗೇವು ಅನ್ರಿ ಸ್ವಾಮಿ. ನಾವು ಜ್ವಾಳ ತುಂಬಿಡಲ್ವಾ ನೆಲದಾಗೆ, ಹಂಗೆ. ಹಸಿವಾದಾಗ ತಿನ್ನಾಕೆ ಇಟ್ಕಂಡೈತೆ."

ತಾವು ನಕ್ಕು, "ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ" ಎಂದಿರಿ.

ಮರುವರ್ಷ ಆ ಹಗೇವನ್ನೇ ತೋಡಿಸಿ ಹಡಗುಕಟ್ಟೆಯ ರಸ್ತೆಗೆ ಸುರಿಸಿದಿರಿ. ಬಳ್ಳಿಯನ್ನು ಕಳೆಯೆಂದು ಕೀಳಿಸಿದಿರಿ. ದಂಡೆಗುಂಟ ಊರಿಂದೂರಿಗೆ ಸಾಗುವ ಮರಳಿಗೆ ಅಡ್ಡಲಾಗಿ ಗೋಡೆ ಎಬ್ಬಿಸಿದಿರಿ. ಗೋಡೆಯ ಆಚೆ ಮರಳು ರಾಶಿಬಿತ್ತು, ಈಚೆ ನಮ್ಮ ಕಡೆ ಬರುವುದು ನಿಂತಿತು. ಬಾವಿ ಉಪ್ಪಾಯಿತು. ಯಜಮಾನರು ತಾವು ಇಳಿದುಕೊಂಡಿದ್ದ ಡೇರೆಗೆ ಬಂದು, "ಸ್ವಾಮಿ, ನೀವೇ ಹೇಳಿದ್ರಲ್ಲ" ಎಂದರು. "ಮೇಲಿನವರ ಅಪ್ಪಣೆ, ಗೋವಿಂದಪ್ಪ" ಎಂದು ಹೇಳಿ ತಾವು ಬೇರೆ ಕಡೆ ನೋಡಿದಿರಿ. ಆ ಮೇಲಿನವರು ಎಷ್ಟು ಮೇಲಿದ್ದಾರೆ ಸ್ವಾಮಿ? ಅಲ್ಲಿಂದ ಕಡಲು ಕಾಣುತ್ತದೆಯೇ?

ಆಷಾಢದ ಒಂದು ಮಧ್ಯಾಹ್ನ ಅಲೆಗಳು ತಿನ್ನಲು ಮರಳಿಲ್ಲದೆ ಮನೆಗಳಿಗೇ ಬಾಯಿ ಹಾಕಿದವು. ಯಜಮಾನರು ಪಕ್ಕದ ಮನೆಯ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ಹೊಳೆಯ ಕಡೆಯ ಎತ್ತರಕ್ಕೆ ತಂದಿಳಿಸಿದರು. ಅವಳು, "ಸೊಸೆ ಒಳಗಿದ್ದಾಳೆ, ಬಾಣಂತಿ" ಎಂದು ಕೂಗಿಕೊಂಡಳು. ನಾನು ಅವರ ಕೈ ಹಿಡಿದೆ. "ಬಿಡೇ, ಇಗೋ ಬಂದೆ" ಎಂದು ಕೊಸರಿಕೊಂಡು ಹೋದರು. ಸೊಸೆ ಅಷ್ಟರಲ್ಲಾಗಲೇ ಕೂಸಿನೊಂದಿಗೆ ಹಿತ್ತಲಿನಿಂದ ಹೊರಬಿದ್ದಿದ್ದಳು. ಬರಿದಾದ ಆ ಮನೆಯ ಬಾಗಿಲಲ್ಲಿ ಅವರು ಬಗ್ಗಿ ಅವಳನ್ನು ಕೂಗುತ್ತಿರುವುದು ನನಗೆ ಕಾಣುತ್ತಿತ್ತು. ಅಲೆ ಅವರನ್ನು ಮುಟ್ಟಲೂ ಇಲ್ಲ. ಕಾಲ ಕೆಳಗಿನ ನೆಲವೇ ಹೋಯಿತು.

ದೇಹ ಸಿಗಲಿಲ್ಲ. ಕೇರಿಯವರು ದಿಕ್ಕಿಗೊಬ್ಬರಂತೆ ಚದುರಿಹೋದರು. ನಾನೊಬ್ಬಳೇ ಊರಿಗೆ ಬಂದು ಮೈದುನನ ಮನೆಯಲ್ಲಿ ನೂಲು ಸುತ್ತಿಕೊಂಡಿದ್ದೇನೆ. ಇಲ್ಲಿ ಕಡಲು ಕಂಡವರು ಯಾರೂ ಇಲ್ಲ. ಕುರಿ ಕಾಯುವ ಜಯಕ್ಕ ಒಳ್ಳೆಯವಳು, ಪಕ್ಕ ಕೂತು ಕೇಳುತ್ತಾಳೆ. "ಅಷ್ಟು ನೀರಿದ್ರೂ ಕುಡಿಯಾಕ್ ಬರಲ್ವಾ? ಹಂಗಾದ್ರೆ ಅದು ಯಾಕ್ ಐತವ್ವ?" ಎನ್ನುತ್ತಾಳೆ. ನಾನು ಹೇಳಲು ತೊಡಗುತ್ತೇನೆ, ಅಷ್ಟರಲ್ಲಿ ಅವಳ ಕುರಿ ಯಾರದೋ ಹೊಲಕ್ಕೆ ನುಗ್ಗಿರುತ್ತದೆ. ಅತ್ತೆ ಪೆದ್ದಮ್ಮ, "ಸಾಕು ಬಿಡೇ, ಯಾವಾಗ್ಲೂ ಅದೇ ನೀರು, ಅದೇ ಮರಳು" ಎಂದು ಅತ್ತ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ. ಹಗರಿ ಹೊಳೆಯ ಒಣ ಪಾತ್ರದ ಬಳಿ ಹೋಗಿ ಕೂರುತ್ತೇನೆ. ಅಲ್ಲಿ ಮರಳಿದೆ, ಸದ್ದಿಲ್ಲ. ಆ ದಿಬ್ಬ ಹೇಗಿತ್ತು, ಅವರು ಅದರ ಮೇಲೆ ಹೇಗೆ ನಡೆಯುತ್ತಿದ್ದರು ಎಂದು ಬಲ್ಲವರು ಈ ಲೋಕದಲ್ಲಿ ನನ್ನ ಪಾಲಿಗೆ ತಾವೊಬ್ಬರೇ. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಕೋರ್ಟೂ ನನಗೆ ವಿಧಿಸಲಾರದು.

ಆದ್ದರಿಂದ ಪರಿಹಾರ ಬೇಡುತ್ತಿಲ್ಲ. ಎರಡನೆಯ ಗೋಡೆಯನ್ನು ನಿಲ್ಲಿಸಿರಿ. ಉಳಿದಿರುವ ದಿಬ್ಬಕ್ಕೆ ಗುದ್ದಲಿ ತಾಗದಿರಲಿ. ಕಿತ್ತ ಬಳ್ಳಿಯನ್ನೂ ಕೇದಗೆಯನ್ನೂ ಮತ್ತೆ ನೆಡಿಸಿರಿ. ಮೇಲಿನವರು ಒಪ್ಪದಿದ್ದರೆ ಅವರ ಮುಂದೆಯೂ ಕೋಲು ಹಿಡಿದು ಆ ಗೆರೆಗಳನ್ನು ಎಳೆಯಿರಿ. ನಮ್ಮ ಅಂಗಳದಲ್ಲಿ ಅಷ್ಟು ಚೆನ್ನಾಗಿ ಎಳೆದಿದ್ದಿರಿ. ಅದೂ ಆಗದಿದ್ದರೆ, ಗೋಡೆಯ ಕೆಲಸ ಮುಗಿದ ವರ್ಷದ ಆಷಾಢದಲ್ಲಿ ತಮ್ಮ ಡೇರೆಯನ್ನು ಅದರ ಮಗ್ಗುಲಲ್ಲೇ, ಮರಳು ಬಾರದ ಕಡೆಗೆ, ಹೂಡಿಸಿರಿ. ಹೆಂಡತಿ ಮಕ್ಕಳನ್ನು ಮಾತ್ರ ಕರೆತರಬೇಡಿ.

ಇಂತಿ,
ಕುಂಕುಮ ಅಳಿಸಿಕೊಂಡೂ ಯಜಮಾನರು ಬರುವ ದಾರಿ ನೋಡುವ,
ಚಿತ್ತಮ್ಮ
ಮೊಳಕಾಲ್ಮೂರು