ವಿಮಾನದ ಬಯಲಿಗೆ ಸಾಗಿಸಿದ ಮೋಟಾರ್ ಸ್ಟ್ಯಾಂಡು, ಜುಂಜಪ್ಪನ ಮುರಿದ ಕೈ

ಪೇಟೆಯ ಮೋಟಾರ್ ಸ್ಟ್ಯಾಂಡನ್ನು ವಿಮಾನದ ಬಯಲಿಗೆ ಕಿತ್ತುಕೊಂಡು ಹೋದ ಅಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಹುಕುಮಿನಿಂದ ಒಬ್ಬ ಮನುಷ್ಯನ ಬಲಗೈ ಮುರಿದಿದೆ. ಆ ಮುರಿದ ಕೈಯಲ್ಲೇ ಅವನು ಹನ್ನೊಂದು ದಿನದಿಂದ ಲಾಕಪ್ಪಿನಲ್ಲಿದ್ದಾನೆ. ನಿಮ್ಮ ಕುಶಲ ಕೇಳುವಷ್ಟು ಸೌಜನ್ಯ ನನ್ನಲ್ಲಿ ಉಳಿದಿಲ್ಲ.

ಶಿರಾ ಪೇಟೆಯ ಹುಣಸೆಮರದ ಕೆಳಗೆ ಎಷ್ಟೋ ವರ್ಷದಿಂದ ಬಸ್ಸು ನಿಲ್ಲುತ್ತಿತ್ತು. ಸಂತೆ, ಆಸ್ಪತ್ರೆ, ಕಚೇರಿ ಎಲ್ಲವೂ ಕೂಗಳತೆಯಲ್ಲಿ. ಯುದ್ಧ ಬಂತು, ಮೂರು ಮೈಲಿ ಆಚೆಯ ಗೋಮಾಳವನ್ನು ಮಟ್ಟ ಮಾಡಿಸಿ, ವಿಮಾನ ಇಳಿಯುವ ಬಯಲೆಂದಿರಿ. ಆಗಲಿ. ಇನ್ನು ಬಸ್ಸೂ ಅಲ್ಲಿಂದಲೇ ಹೊರಡತಕ್ಕದ್ದೆಂದು ಡಂಗುರ ಹೊಡೆಸಿದಿರಲ್ಲ, ಅದು ಯಾರ ತಲೆಯಲ್ಲಿ ಹುಟ್ಟಿತು? ಆಕಾಶದಿಂದ ಇಳಿದ ದೊರೆಗಳು ನೇರವಾಗಿ ಬುಕ್ಕಾಪಟ್ಣದ ಬಸ್ಸು ಹತ್ತಲೆಂದೇ? ಇದ್ದಿಲ ಗ್ಯಾಸಿನಲ್ಲಿ ಓಡುವ, ಏರು ಬಂದರೆ ನಾವೇ ಇಳಿದು ತಳ್ಳುವ ಬಸ್ಸಿಗೆ ವಿಮಾನದ ನೆಂಟಸ್ತಿಕೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದ ಹಿರಿಯರು ನಿಮ್ಮನ್ನು ನೋಡಿಯೇ ಅಂದಿರಬೇಕು.

ನಮ್ಮ ಕಡೆ ಬಸ್ಸಿಗೆ ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ. ಬಂದವರು ಒಂದೊಂದು ಕಲ್ಲಿಟ್ಟು ನೆರಳಿಗೆ ಹೋಗುತ್ತಾರೆ. ಕಲ್ಲಿದ್ದರೆ ಆಳಿದ್ದ ಹಾಗೆಯೇ ಲೆಕ್ಕ. ಇನ್ನೊಬ್ಬರ ಕಲ್ಲನ್ನು ಕಳ್ಳನೂ ಮುಟ್ಟುವುದಿಲ್ಲ. ಬಸ್ಸು ಬಂದಾಗ ಕಂಡಕ್ಟರು "ಇದು ಯಾರ ಕಲ್ಲು?" ಎಂದು ಕೂಗುತ್ತಾನೆ, ಕಲ್ಲಿನವರು ಬಂದು ಹತ್ತುತ್ತಾರೆ. ಡಂಗುರದ ಮಾರನೆಯ ದಿನ ನಾವು ಬಯಲಿಗೆ ನಡೆದೆವು. ಎಲ್ಲಿ ನಿಲ್ಲಬೇಕೆಂದು ಹೇಳುವ ಒಂದು ಹಲಗೆಯಾದರೂ ಬೇಡವೇ? ಸಾರಿಸಿದಂತೆ ಚೊಕ್ಕಟವಾಗಿದ್ದ ನೆಲ ಕಂಡು, ಬಸ್ಸು ಬರುವುದು ಇಲ್ಲಿಗೇ ಎಂದುಕೊಂಡು ಕಲ್ಲಿಟ್ಟೆವು. ಹದಿನಾಲ್ಕು ಕಲ್ಲು. ವಿಮಾನ ಇಳಿಯುವ ಪಟ್ಟಿ ಅದೇ ಎಂದು ನಮಗೇನು ಗೊತ್ತು? ಇಳಿದ ವಿಮಾನವನ್ನು ಜನ್ಮದಲ್ಲಿ ಕಂಡವರು ನಮ್ಮಲ್ಲಿ ಯಾರಿದ್ದಾರೆ?

ಕಾವಲಿನವರು ಓಡಿ ಬಂದರು. "ಯಾರದೋ ಈ ಕಲ್ಲು?" ಎಂದು ಒಬ್ಬ ಗುಡುಗಿದ. ಕಂಬಳಿ ನೇಯುವ ಜುಂಜಪ್ಪ, ಪಾಪ, ಬಸ್ಸು ಬಂತೆಂದೇ ತಿಳಿದ. ಹೆಂಡತಿ ಹೊನ್ನಕ್ಕನನ್ನು ಕರೆದುಕೊಂಡು ಓಡಿದ.

"ನಾಕನೇದು ನಂದೇ, ಬುದ್ಧಿ! ಐದ್ನೇದು ನಮ್ಮ ಹೆಂಗಸರ್ದು. ಮುಂದ್ಲ ಮೂರು ಜನಾನೂ ಅಲ್ಲೇ ಅವ್ರೆ, ಇರಿ, ಕೂಗ್ತೀನಿ."

ಮಾತು ಮುಗಿಯುವ ಮೊದಲೇ ದೊಣ್ಣೆ ಬಿತ್ತು. ಬೆನ್ನಿಗೆ, ತಲೆಗೆ, ತಡೆಯಲು ಎತ್ತಿದ ಕೈಗೆ. ಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. "ಬಸ್ಸಿಗೆ ಮಡಗಿದ್ ಕಲ್ಲು ಕಣ್ರಪ್ಪೋ! ಹೊಡೀಬ್ಯಾಡ್ರೋ, ಸತ್ತೋಯ್ತಾನೆ!" ಎಂದು ಹೊನ್ನಕ್ಕ ಅವನ ಮೇಲೆ ಬಿದ್ದಳು. ತುರುಬು ಹಿಡಿದು ಎಳೆದು ಅವಳನ್ನೂ ಬೂಟಿನಲ್ಲಿ ಒದ್ದರು. ಆಕೆ ರಕ್ತದ ಜೊತೆ ಎರಡು ಹಲ್ಲು ಉಗುಳಿದಳು. ಆ ಹದಿನಾಲ್ಕು ಕಲ್ಲನ್ನೂ ಎತ್ತಿ ನಿಮ್ಮ ತಲೆಯ ಮೇಲೆ ಹಾಕಬೇಕೆಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತಿದೆ.

ವಿಮಾನ ಉರುಳಿಸಲು ಸಂಚು ಹೂಡಿದ ರಾಜದ್ರೋಹಿಯಂತೆ ಜುಂಜಪ್ಪ! ಸಂಚುಗಾರ ತನ್ನ ಕಲ್ಲು ಎಷ್ಟನೆಯದೆಂದು ಹೇಳಿಕೊಂಡು ಓಡಿ ಬರುತ್ತಾನೆಯೇ, ಮಹಾಸ್ವಾಮಿ? ಅವನ ಕೈ ಬಾತು ಕಪ್ಪಾಗಿದೆ. ಡಾಕ್ಟರನ್ನು ಒಳಗೆ ಬಿಟ್ಟಿಲ್ಲ. ನಾನು ಬರೆದುಕೊಟ್ಟ ಮೂರು ಅರ್ಜಿಗಳೂ ನಮೂನೆ ಸರಿಯಿಲ್ಲವೆಂದು ನಿಮ್ಮಿಂದ ವಾಪಸು ಬಂದವು. ನಿನ್ನೆ ಹೊನ್ನಕ್ಕ ಬಂದು, "ಆ ಕೈ ಹೋದ್ರೆ ಮಗ್ಗದಾಗೆ ಯಾರು ಕುಂತ್ಕಂತಾರೆ ಸಾಮಿ? ಇನ್ನೊಂದು ಬರ್ದುಕೊಡಿ" ಎಂದಳು. ಅವಳ ಮುಖ ನೋಡಲು ನನಗಾಗಲಿಲ್ಲ.

ಏಕೆಂದರೆ, ಮೊದಲ ಮೂರು ಕಲ್ಲಿನವರು ಯಾರೆಂದು ನಿಮ್ಮ ದಫೇದಾರರು ಊರೆಲ್ಲ ಜಾಲಾಡುತ್ತಿದ್ದಾರಲ್ಲ, ಮೊದಲನೆಯದು ನನ್ನದು. ಏಟು ಬೀಳುವಾಗ ಜುಂಜಪ್ಪ ನನ್ನತ್ತ ನೋಡಿದ. ನಾನು ಪಂಚೆ ಎತ್ತಿಕಟ್ಟಿ ಓಟ ಕಿತ್ತೆ. ಥೂ ನನ್ನ ಬಾಳಿಗೆ! ಅವನು ಇವತ್ತಿನವರೆಗೆ ನನ್ನ ಹೆಸರು ಬಾಯಿ ಬಿಟ್ಟಿಲ್ಲ.

ಜುಂಜಪ್ಪನನ್ನು ಬಿಡಿ. ಇಂದೇ ಆಸ್ಪತ್ರೆಗೆ ಸೇರಿಸಿ. ಹೊಡೆದವರನ್ನು ಕಟಕಟೆ ಹತ್ತಿಸಿ, ಸ್ಟ್ಯಾಂಡನ್ನು ಪೇಟೆಗೆ ತನ್ನಿ. ರಾಜದ್ರೋಹಿಯೊಬ್ಬ ಬೇಕೇಬೇಕೆಂದಿದ್ದರೆ, ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವ ಬೆಳಿಗ್ಗೆ ನಾನು ಠಾಣೆಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನನ್ನ ಎರಡು ಕೈಯೂ ನೆಟ್ಟಗಿವೆ. ಬೇಡಿ ತೊಡಿಸಲು ನಿಮಗೆ ತೊಂದರೆಯಾಗದು.

ಇಂತಿ,
ಊರಿಗೆಲ್ಲ ಅರ್ಜಿ ಬರೆದು, ಒಂದು ಮಾತು ಆಡಬೇಕಾದಾಗ ಓಡಿಹೋದ
ರೇಣುಕಯ್ಯ, ಅರ್ಜಿ ಬರಹಗಾರ
ಶಿರಾ, ೧೯೪೪